ಮಗುವಿನ ಪಾಲಕರು ಯಾರು? : ಒಂದು ಕಾಯದೆಯ ಇತಿಹಾಸ

ಪ್ರಾಥಮಿಕ ಶಾಲೆಯ ದಾಖಲೆ ಪುಸ್ತಕದಲ್ಲಿ ‘ಪಾಲಕರ ಹೆಸರು’ ಎಂಬದೊಂದು ಅಂಕಣವಿದೆ. ಅಂಕಣ ಬಹು ಚಿಕ್ಕದು. ಅದರ ಹಿಂದೆ ನಿಂತಿರುವ ಇತಿಹಾಸ ಬಹು ದೀರ್ಘವಾದದ್ದು. ಕರ್ನಾಟಕದ ಶಾಲೆಗಳಲ್ಲಿ ಪೋಷಕರೆಂದೂ ಪಾಲಕರೆಂದೂ ಎರಡು ಶಬ್ದಗಳು ನಡೆಯುತ್ತವೆ. ಮಹಾರಾಷ್ಟ್ರದ ಗಡಿಯೊಳಗಿರುವ ನಮ್ಮ ಜತ್ತ ತಾಲೂಕಿನಲ್ಲಿ, ಮರಾಠಿಯ ನೆರೆಯಿಂದಾಗಿ, ‘ಪಾಲಕ’ ಎಂಬದೇ ರೂಢಿಯಾಗಿದೆ. ಹೊಲದ ಸಾತಬಾರಾ ಉತಾರದಲ್ಲಿಯೂ ಇದೇ ಶಬ್ದ ಬೇರೆ ರೂಪದಿಂದ ಕಾಣುತ್ತದೆ. ತಂದೆ ತೀರಿಕೊಂಡ ಎಳೆಯ ಮಗುವಿನ ಹೆಸರಿಗೆ ಭೂಮಿ ಬಂದಾಗ ತಲಾಠಿಯು ಆ ಹೆಸರಿನ ಮುಂದೆ ‘ಅ.ಪಾ.ಕ.’ ಎಂದು ಬರೆದು ತಾಯಿಯದೋ ಚಿಕ್ಕಪ್ಪನದೋ ಹೆಸರನ್ನು ಸೇರಿಸುತ್ತಾನೆ. ಅಜ್ಞಾನ ಪಾಲನ ಕರ್ತ, ಎಂದರೆ ತಿಳುವಳಿಕೆಯ ವಯಸ್ಸಿಗೆ ಬಾರದವರನ್ನು ಪಾಲಿಸುವವರು, ಎಂಬದು ಆ ಮೂರಕ್ಷರಗಳ ಅರ್ಥ.

ಈ ಪಾಲಕರು ಯಾರಾಗಬೇಕು, ಅವರ ಅಧಿಕಾರದ ಮಿತಿ ಎಷ್ಟು, ತಂದೆತಾಯಿಗಳಲ್ಲಿ ಒಡಕು ಬಂದರೆ ಮಗು ಯಾರ ಬಳಿಯಲ್ಲಿರಬೇಕು ಎಂಬ ಪ್ರಶ್ನೆಗಳು ನಮ್ಮ ದೇಶದಲ್ಲಿ ನೂರಾರು ವರ್ಷಗಳಿಂದ ಚರ್ಚೆಗೊಳಗಾಗಿವೆ. ಇಂದಿಗೂ ಆ ಚರ್ಚೆ ಮುಗಿದಿಲ್ಲ. ಶಿಕ್ಷಕರಿಗೂ ಮೇಲಿನ ತರಗತಿಯ ವಿದ್ಯಾರ್ಥಿಗಳಿಗೂ ಇದರ ಪರಿಚಯವಿರುವದು ಅವಶ್ಯವೆಂದು ತಿಳಿದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಮಗು ಯಾರ ಮನೆಯಲ್ಲಿ ಉಂಡು, ಮಲಗಿ, ಬೆಳೆಯುತ್ತದೆ ಎಂಬದು ಒಂದು. ಇದನ್ನು ಕಾಯದೆಯು ‘ವಶ’ ಎಂದು ಕರೆಯುತ್ತದೆ. ಮಗುವಿನ ಪರವಾಗಿ ಸಹಿ ಮಾಡುವ, ಅದರ ಆಸ್ತಿಯನ್ನು ನೋಡಿಕೊಳ್ಳುವ, ಅದರ ವಿದ್ಯೆ ಆರೋಗ್ಯಗಳ ಬಗ್ಗೆ ನಿರ್ಣಯ ಮಾಡುವ ಅಧಿಕಾರ ಇನ್ನೊಂದು, ಇದು ‘ಪಾಲಕತ್ವ’. ಎರಡೂ ಒಬ್ಬರಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಸಾಕುವ ಕೈ ಒಂದು, ಸಹಿ ಮಾಡುವ ಕೈ ಇನ್ನೊಂದು ಆದದ್ದರಿಂದಲೇ ಇತಿಹಾಸದಲ್ಲಿ ಬಹಳಷ್ಟು ತಂಟೆಗಳು ಹುಟ್ಟಿವೆ.

ಹಿಂದೂ ಧರ್ಮಶಾಸ್ತ್ರದ ವ್ಯವಹಾರಭಾಗಕ್ಕೆ ಭಾರತದ ಬಹುಭಾಗದಲ್ಲಿ ಆಧಾರವಾದ ‘ಮಿತಾಕ್ಷರಾ’ ಗ್ರಂಥವು ಕನ್ನಡ ನಾಡಿನಲ್ಲಿಯೇ ಹುಟ್ಟಿತೆಂಬದು ನಮಗೆ ಅಭಿಮಾನದ ಸಂಗತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಈ ವ್ಯಾಖ್ಯಾನವನ್ನು ಬರೆದನು. ಆ ಚಕ್ರವರ್ತಿಯು ಪಟ್ಟವೇರಿದ್ದು ೧೦೭೬ನೆಯ ಇಸ್ವಿಯಲ್ಲಿ. ಸ್ಮೃತಿಕಾರರು ಸಾಮಾನ್ಯವಾಗಿ ಹದಿನಾರು ವರ್ಷಗಳ ವರೆಗೆ ಬಾಲ್ಯವೆಂದು ಎಣಿಸಿದ್ದರು. ಅನಾಥ ಬಾಲಕನ ಆಸ್ತಿಯನ್ನು ಅವನು ವಿದ್ಯೆ ಮುಗಿಸಿ ಬರುವ ವರೆಗೆ ಅಥವಾ ಬಾಲ್ಯವನ್ನು ದಾಟುವ ವರೆಗೆ ರಾಜನು ಕಾಯಬೇಕೆಂದು ಮನುಸ್ಮೃತಿಯಲ್ಲಿ ವಿಧಿಸಲಾಗಿದೆ. ಅರ್ಥಾತ್ ದಿಕ್ಕಿಲ್ಲದ ಮಗುವಿಗೆ ರಾಜ್ಯವೇ ಕೊನೆಯ ಪಾಲಕನೆಂಬ ತತ್ತ್ವವು ಪಾಶ್ಚಾತ್ಯರಿಂದ ಬಂದುದಲ್ಲ, ನಮ್ಮಲ್ಲಿಯೂ ಬೇರೂರಿದ್ದಿತು. ಆದರೆ ಒಂದು ವಿಷಯವನ್ನು ಗಮನಿಸಬೇಕು. ಈ ನಿಯಮಗಳಲ್ಲಿ ಹೆಚ್ಚಿನ ಕಾಳಜಿ ಆಸ್ತಿಯದು. ಆಸ್ತಿಯಿಲ್ಲದ ಬಡವನ ಮಗುವಿನ ವಿಷಯದಲ್ಲಿ ಶಾಸ್ತ್ರಗಳು ಹೇಳುವ ಮಾತು ಅತ್ಯಲ್ಪ.

ಜತ್ತಕ್ಕೆ ಸಮೀಪದ ವಿಜಾಪುರದಲ್ಲಿ ಇದೇ ಪ್ರಶ್ನೆಯು ರಾಜಕಾರಣದ ರೂಪದಲ್ಲಿ ಎದುರಾಯಿತು. ೧೫೮೦ರಲ್ಲಿ ಒಂದನೆಯ ಅಲಿ ಆದಿಲಶಹನು ಕೊಲೆಗೀಡಾದಾಗ ಅವನ ತಮ್ಮನ ಮಗ ಇಬ್ರಾಹಿಮನು ಸುಮಾರು ಒಂಬತ್ತು ವರ್ಷದ ಹುಡುಗ. ಬಾಲಕನ ಪಾಲನೆಯು ದೊಡ್ಡಮ್ಮಳಾದ ಚಾಂದಬೀಬಿಯ ಪಾಲಿಗೆ ಬಂದಿತು. ರಾಜ್ಯದ ಕಾರಭಾರವು ಸರದಾರರ ಕೈಯಲ್ಲಿ ಉಳಿಯಿತು. ಬಾಲಕನು ಯಾರ ಹತ್ತಿರವಿದ್ದಾನೋ ಅವರಿಗೇ ಅಧಿಕಾರವೆಂಬದನ್ನು ಬಲ್ಲ ಕಿಶ್ವರಖಾನನು ಚಾಂದಬೀಬಿಯನ್ನು ಹಿಡಿದು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಅವನ ಪತನವಾದ ಬಳಿಕ ಆಕೆ ಮರಳಿ ಬಂದಳು. ಆ ಹುಡುಗನೇ ಮುಂದೆ ೧೬೨೭ರ ವರೆಗೆ ಆಳಿ, ಸಂಗೀತ ಸಾಹಿತ್ಯಗಳ ಆಶ್ರಯದಾತನೆಂದು ಹೆಸರು ಪಡೆದ ಎರಡನೆಯ ಇಬ್ರಾಹಿಮ ಆದಿಲಶಹನು. ಮಗುವಿನ ಮೇಲಿನ ಮಮತೆ ಬೇರೆ, ಮಗುವಿನ ಮೂಲಕ ದೊರೆಯುವ ಅಧಿಕಾರದ ಮೇಲಿನ ಆಶೆ ಬೇರೆ ಎಂಬದಕ್ಕೆ ಈ ಕಥೆಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕನ್ನಡ ನಾಡಿನ ಎಲ್ಲ ಭಾಗಗಳಲ್ಲಿ ಒಂದೇ ಪದ್ಧತಿಯಿತ್ತೆಂದು ಭಾವಿಸಬಾರದು. ದಕ್ಷಿಣ ಕನ್ನಡದಲ್ಲಿ ಅಳಿಯಸಂತಾನದ ಕಟ್ಟಿಗೆ ಸೇರಿದ ಕುಟುಂಬಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆ ಕುಟುಂಬದ ಆಸ್ತಿಯನ್ನು ನೋಡಿಕೊಳ್ಳುವ ಹಕ್ಕು ಹಿರಿಯ ಯಜಮಾನನದು ಅಥವಾ ಯಜಮಾನಿಯದು. ತಂದೆಗೆ ಅದರಲ್ಲಿ ಅಧಿಕಾರವಿಲ್ಲ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು ೧೮೯೪ರ ದಶಂಬರದಲ್ಲಿ ಕಲಕತ್ತೆಯಲ್ಲಿ ತೀರಿಕೊಂಡಾಗ ಯುವರಾಜರಿಗೆ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ ೧೯೦೨ರ ಆಗಸ್ಟದ ವರೆಗೆ ರಾಜಪ್ರತಿನಿಧಿಗಳಾಗಿ ರಾಜ್ಯವನ್ನೇ ನಡೆಸಿದರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿದದ್ದು ಆ ಕಾಲದಲ್ಲಿಯೇ. ಒಬ್ಬ ತಾಯಿ ಒಂದು ರಾಜ್ಯಕ್ಕೆ ಪಾಲಕಳಾಗಬಲ್ಲಳೆಂದು ಜಗತ್ತೇ ಕಂಡಿತು. ಹೀಗಿದ್ದೂ ಸಾಮಾನ್ಯ ಮನೆಯ ತಾಯಿಗೆ, ಗಂಡನು ಜೀವಂತನಾಗಿರುವಷ್ಟು ಕಾಲ, ತನ್ನ ಮಗುವಿನ ಪಾಲಕಳೆನ್ನಿಸಿಕೊಳ್ಳುವ ಹಕ್ಕು ಇರಲಿಲ್ಲ. ಹೆಂಡತಿಗೆ ಇಲ್ಲದ ಅಧಿಕಾರ ವಿಧವೆಗೆ ಇದ್ದಿತು. ಇದು ಆ ಕಾಲದ ವಿಚಿತ್ರ.

ವಿಧವೆಯ ಅಧಿಕಾರವಾದರೂ ಗಟ್ಟಿಯಾದುದಲ್ಲ. ೧೮೫೬ರ ಹಿಂದೂ ವಿಧವಾ ಪುನರ್ವಿವಾಹದ ಕಾಯದೆಯನ್ನು ನಾವು ಸುಧಾರಣೆಯ ದೊಡ್ಡ ಮೆಟ್ಟಿಲೆಂದು ಮಕ್ಕಳಿಗೆ ಕಲಿಸುತ್ತೇವೆ, ಅದು ಸರಿಯೇ. ಆದರೆ ಅದರ ಮೂರನೆಯ ಕಲಮನ್ನು ಕಲಿಸುವದು ಅಪರೂಪ. ಗಂಡನು ಮರಣಪತ್ರದಲ್ಲಿ ಹೆಂಡತಿಯನ್ನೇ ಪಾಲಕಳೆಂದು ನೇಮಿಸಿರದಿದ್ದರೆ, ಅವಳು ಮರುಮದುವೆಯಾದೊಡನೆ ಗಂಡನ ಕಡೆಯ ಬಂಧುಗಳು ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸುವಂತೆ ನ್ಯಾಯಾಲಯವನ್ನು ಕೇಳಬಹುದಾಗಿತ್ತು. ನಮ್ಮ ಭಾಗದಲ್ಲಿ ಎಷ್ಟೋ ಸಮಾಜಗಳಲ್ಲಿ ಉಡಿಕಿಯ ಪದ್ಧತಿ ಮೊದಲಿನಿಂದ ಇದ್ದರೂ, ಉಡಿಕಿಯಾಗಿ ಹೋಗುವವಳು ಮಕ್ಕಳನ್ನು ಹಳೆಯ ಮನೆಯಲ್ಲಿ ಬಿಟ್ಟು ಹೋಗಬೇಕಾದ ಪ್ರಸಂಗಗಳನ್ನು ಹಿರಿಯರು ಬಲ್ಲರು. ಹೊಸ ಬಾಳಿಗೆ ತೆರಬೇಕಾದ ಬೆಲೆ ಹೊಟ್ಟೆಯ ಮಗು!

ಅದೇ ೧೮೫೬ರಲ್ಲಿ ಪ್ರಿವ್ಹಿ ಕೌನ್ಸಿಲು ಹನೂಮಾನ ಪ್ರಸಾದ ಪಾಂಡೆಯ ಖಟ್ಲೆಯಲ್ಲಿ, ಅಪ್ರಾಪ್ತವಯಸ್ಕನ ಆಸ್ತಿಯನ್ನು ನೋಡಿಕೊಳ್ಳುವವರು ನಿಜವಾದ ಅಗತ್ಯವಿದ್ದಾಗ ಅಥವಾ ಆಸ್ತಿಯ ಹಿತಕ್ಕಾಗಿ ಮಾತ್ರ ಅದನ್ನು ಒತ್ತೆಯಿಡಬಹುದೆಂದು ನಿರ್ಣಯಿಸಿತು. ೧೮೭೫ರ ಕಾಯದೆಯು ಪ್ರಾಪ್ತವಯಸ್ಸನ್ನು ಹದಿನೆಂಟೆಂದು ಗೊತ್ತುಪಡಿಸಿತು. ನ್ಯಾಯಾಲಯವು ಪಾಲಕರನ್ನು ನೇಮಿಸಿದ್ದಲ್ಲಿ ಮಾತ್ರ ಇಪ್ಪತ್ತೊಂದು. ಈ ಭೇದವು ೧೯೯೯ರ ತಿದ್ದುಪಡಿಯಿಂದ ಹೋಯಿತು. ಬಳಿಕ ೧೮೯೦ರಲ್ಲಿ ಪಾಲಕರ ಮತ್ತು ಪಾಲ್ಯರ ಕಾಯದೆ ಬಂದಿತು. ಇದು ಎಲ್ಲ ಧರ್ಮದವರಿಗೂ ಅನ್ವಯಿಸುವಂಥದು, ಇಂದಿಗೂ ಜಾರಿಯಲ್ಲಿದೆ. ಪಾಲಕರನ್ನು ನೇಮಿಸುವಾಗ ಮಗುವಿನ ಹಿತವನ್ನು ನೋಡಬೇಕು. ಅದರ ವಯಸ್ಸು, ಲಿಂಗ, ಧರ್ಮ, ಪಾಲಕನ ನಡತೆ, ಸಾಮರ್ಥ್ಯ, ನೆಂಟಸ್ತನ ಇವುಗಳನ್ನು ಲಕ್ಷಿಸಬೇಕು. ಮಗು ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಚ್ಛೆಯನ್ನೂ ಗಣಿಸಬಹುದು ಎಂದು ಹದಿನೇಳನೆಯ ಕಲಮು ಹೇಳುತ್ತದೆ. ಎಷ್ಟು ಒಳ್ಳೆಯ ಮಾತು! ಆದರೆ ಎರಡೇ ಹೆಜ್ಜೆ ಮುಂದೆ, ಹತ್ತೊಂಬತ್ತನೆಯ ಕಲಮಿನಲ್ಲಿ, ತಂದೆಯು ಬದುಕಿದ್ದು ಅಯೋಗ್ಯನಲ್ಲದಿದ್ದರೆ ಬೇರೊಬ್ಬ ಪಾಲಕರನ್ನು ನೇಮಿಸಕೂಡದೆಂದು ಬಾಗಿಲು ಹಾಕಲಾಗಿತ್ತು. ಆ ಕಲಮಿನಲ್ಲಿ ‘ತಂದೆ’ಯ ಪಕ್ಕದಲ್ಲಿ ‘ತಾಯಿ’ ಎಂಬ ಶಬ್ದ ಸೇರುವದಕ್ಕೆ ೨೦೧೦ರ ವರೆಗೆ ಕಾಯಬೇಕಾಯಿತು. ಒಂದು ಶಬ್ದಕ್ಕೆ ನೂರಿಪ್ಪತ್ತು ವರ್ಷ!

ಇಂಗ್ಲಂಡದಲ್ಲಿಯೂ ಪರಿಸ್ಥಿತಿ ಬೇರೆಯಾಗಿರಲಿಲ್ಲ. ೧೮೩೬ರಲ್ಲಿ ಕ್ಯಾರೋಲಿನ್ ನಾರ್ಟನ್ ಎಂಬ ಲೇಖಕಿಯ ಮೂವರು ಗಂಡುಮಕ್ಕಳನ್ನು ಗಂಡನು ಅವಳಿಂದ ಅಗಲಿಸಿ ಒಯ್ದನು. ಅವಳು ಲೇಖನಿಯಿಂದಲೇ ಹೋರಾಡಿದಳು. ಅದರ ಫಲವಾಗಿ ೧೮೩೯ರಲ್ಲಿ, ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿಯೂ ನ್ಯಾಯಾಲಯಕ್ಕೆ ಅರ್ಜಿ ಮಾಡಿಕೊಳ್ಳಬಹುದೆಂಬ ಕಾಯದೆ ಆಯಿತು. ಮಗುವಿನ ಹಿತವೇ ಎಲ್ಲಕ್ಕಿಂತ ಮೇಲೆಂಬ ಮಾತು ಅಲ್ಲಿಯ ಕಾಯದೆಯಲ್ಲಿ ಸೇರಿದ್ದು ೧೯೨೫ರಲ್ಲಿ.

ಇಂಗ್ಲಂಡ ಭಾರತಗಳೆರಡರಲ್ಲಿಯೂ ಈ ಕಾಯದೆಯ ಬಿಸಿಯನ್ನು ಕಂಡವರು ಆನಿ ಬೆಝಂಟರು. ಅವರ ವಿಚಾರಗಳು ಧರ್ಮಕ್ಕೆ ವಿರುದ್ಧವೆಂಬ ಕಾರಣದಿಂದ ೧೮೭೮ರಲ್ಲಿ ಅಲ್ಲಿಯ ನ್ಯಾಯಾಲಯವು ಅವರ ಮಗಳನ್ನು ಅವರಿಂದ ಅಗಲಿಸಿತು. ಮುಂದೆ ೧೯೧೦ರಲ್ಲಿ ಮದ್ರಾಸಿನಲ್ಲಿ ನಾರಾಯಣಯ್ಯನವರು ತಮ್ಮ ಇಬ್ಬರು ಗಂಡುಮಕ್ಕಳ ಪಾಲಕತ್ವವನ್ನು ಬೆಝಂಟರಿಗೆ ಬರೆದುಕೊಟ್ಟರು. ಆ ಹುಡುಗರಲ್ಲಿ ಹಿರಿಯವರೇ ತತ್ತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಗಳು. ಕೆಲಕಾಲದ ಬಳಿಕ ತಂದೆಗೆ ಮನಸ್ಸು ಬದಲಾಗಿ ಮಕ್ಕಳನ್ನು ಮರಳಿ ಕೇಳಿದರು. ಮದ್ರಾಸ ಹಾಯ್‌ಕೋರ್ಟು ೧೯೧೩ರಲ್ಲಿ ತಂದೆಯ ಪರವಾಗಿ ತೀರ್ಪಿತ್ತಿತು. ೧೯೧೪ರಲ್ಲಿ ಪ್ರಿವ್ಹಿ ಕೌನ್ಸಿಲು ಅದನ್ನು ತಳ್ಳಿಹಾಕಿತು. ತಂದೆಯ ಪಾಲಕತ್ವವು ಒಂದು ಪವಿತ್ರ ನ್ಯಾಸವೆಂದೂ, ಬರೆದುಕೊಟ್ಟರೂ ಅದನ್ನು ಹಿಂದಕ್ಕೆ ಪಡೆಯಬಹುದೆಂದೂ ಅದು ಒಪ್ಪಿತು. ಆದರೆ ಆ ಖಟ್ಲೆ ನಡೆಯತಕ್ಕ ನ್ಯಾಯಾಲಯ ಅದಲ್ಲವೆಂದಿತು. ಯಾರ ಭವಿಷ್ಯದ ಪ್ರಶ್ನೆಯೋ ಆ ಹುಡುಗರ ಪರವಾಗಿ ಮಾತಾಡುವವರೇ ಅಲ್ಲಿರಲಿಲ್ಲವೆಂಬದನ್ನೂ ಎತ್ತಿ ತೋರಿಸಿತು. ಮಕ್ಕಳನ್ನು ಕುರಿತ ವಾದದಲ್ಲಿ ಮಕ್ಕಳ ಮಾತೇ ಕೇಳಿಸದಿರುವದು ಅಂದಿನ ದೋಷವಷ್ಟೇ ಅಲ್ಲ. ಎಲ್ಲ ಕಾಲಕ್ಕೂ ಎಚ್ಚರಿಕೆ.

ನಮ್ಮ ವಳಸಂಗವು ಆಗ ಡಫಳೆ ಮನೆತನದ ಜತ್ತ ಸಂಸ್ಥಾನದ ಸೀಮೆ. ಬ್ರಿಟಿಷ್ ಹಿಂದುಸ್ಥಾನದ ಕಾಯದೆಗಳು ಸಂಸ್ಥಾನಗಳಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ೧೯೪೮ರ ಮಾರ್ಚದಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ಪುನರ್ವಿಂಗಡಣೆಯಲ್ಲಿ ವಿಜಾಪುರ ಜಿಲ್ಲೆಯು ಮೈಸೂರಿಗೆ ಹೋಯಿತು, ಜತ್ತವು ಮುಂಬಯಿಯಲ್ಲಿಯೇ ಉಳಿಯಿತು. ಒಂದೇ ನುಡಿಯ, ಒಂದೇ ಬಳಗದ ಜನರ ನಡುವೆ ಗಡಿ ಬಂದಿತು. ಆದರೆ ಅದೇ ವರ್ಷ ಗಡಿಯ ಎರಡೂ ಕಡೆಯ ಮಕ್ಕಳಿಗೆ ಅನ್ವಯಿಸುವ ಒಂದು ಕಾಯದೆಯೂ ಬಂದಿತು. ಅದರ ಕಥೆಯೇ ಈ ಇತಿಹಾಸದ ತಿರುಳು.

ಹಿಂದೂ ಕಾಯದೆಯನ್ನು ಕ್ರೋಡೀಕರಿಸುವ ಪ್ರಯತ್ನವು ೧೯೪೧ರಲ್ಲಿ ಒಂದು ಸಮಿತಿಯ ನೇಮಕದಿಂದ ಆರಂಭವಾಯಿತು. ಅದರ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ಇವರೇ ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದವರು. ೧೯೪೪ರಲ್ಲಿ ಸಮಿತಿಯು ಮತ್ತೆ ಕೂಡಿ ಕರಡು ಸಂಹಿತೆಯನ್ನು ಸಿದ್ಧಪಡಿಸಿತು. ೧೯೪೫ರಲ್ಲಿ ಮುಂಬಯಿ, ಪುಣೆ, ಮದ್ರಾಸ ಮುಂತಾದ ನಗರಗಳಲ್ಲಿ ತಿರುಗಿ ಪರ ವಿರೋಧದ ಸಾಕ್ಷ್ಯಗಳನ್ನು ಕೇಳಿತು. ಕಾಯದೆಯೊಂದು ಸಭೆಗೆ ಬರುವ ಮೊದಲೇ ಜನರ ನಡುವೆ ಇಷ್ಟೊಂದು ಚರ್ಚೆಗೆ ಒಳಗಾದದ್ದು ಅಪೂರ್ವ. ಧರ್ಮದಲ್ಲಿ ಕೈಹಾಕುವ ಅಧಿಕಾರ ಶಾಸನಸಭೆಗಿಲ್ಲವೆಂದು ಒಂದು ಪಕ್ಷ. ಕಾಲಕ್ಕೆ ತಕ್ಕಂತೆ ವ್ಯವಹಾರವು ಬದಲಾಗುತ್ತಲೇ ಬಂದಿದೆಯೆಂದು ಇನ್ನೊಂದು ಪಕ್ಷ. ಸ್ವಾತಂತ್ರ್ಯಾನಂತರ ಕಾಯದೆ ಮಂತ್ರಿಗಳಾದ ಡಾ. ಅಂಬೇಡಕರರು ಮಸೂದೆಯನ್ನು ಮುಂದೆ ಒಯ್ದರು. ವಿವಾಹ, ವಿಚ್ಛೇದನ, ಹೆಣ್ಣುಮಕ್ಕಳ ಪಿತ್ರಾರ್ಜಿತ ಹಕ್ಕು ಇವುಗಳ ಮೇಲೆಯೇ ವಾದದ ಬಿರುಗಾಳಿ ಎದ್ದಿತು. ಮಸೂದೆಯು ನಿಂತುಹೋದದ್ದರಿಂದ ಮನನೊಂದು ಅವರು ೧೯೫೧ರ ಸಪ್ಟಂಬರದಲ್ಲಿ ಮಂತ್ರಿಪದಕ್ಕೆ ರಾಜೀನಾಮೆಯಿತ್ತರು.

ಮೊದಲನೆಯ ಸಾರ್ವತ್ರಿಕ ಚುನಾವಣೆಯ ನಂತರ ಒಂದೇ ದೊಡ್ಡ ಮಸೂದೆಯನ್ನು ನಾಲ್ಕು ಭಾಗ ಮಾಡಲಾಯಿತು. ಹರಿ ವಿನಾಯಕ ಪಾಟಸ್ಕರರು ಮಂತ್ರಿಗಳಾಗಿ ಇವುಗಳನ್ನು ಸಂಸತ್ತಿನಲ್ಲಿ ನಡೆಸಿದರು. ಅವುಗಳಲ್ಲೊಂದು ೧೯೫೬ರ ಆಗಸ್ಟ ೨೫ರಂದು ಜಾರಿಗೆ ಬಂದ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವದ ಕಾಯದೆ. ಹಿಂದೂಗಳೆಂಬಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟು ಹೇಳಿದೆ. ಜೈನ, ಬೌದ್ಧ, ಸಿಖ್ಖರೂ ಇದಕ್ಕೆ ಒಳಪಟ್ಟಿದ್ದಾರೆ.

ಈ ಕಾಯದೆಯು ಕೊಟ್ಟದ್ದೇನು, ಕೊಡದೆ ಉಳಿಸಿಕೊಂಡದ್ದೇನು ಎಂಬದನ್ನು ನೋಡೋಣ. ಹಿಂದೆ ತಂದೆಯು ಮರಣಪತ್ರ ಬರೆದು ತಾಯಿಯನ್ನು ಬಿಟ್ಟು ಬೇರೊಬ್ಬನನ್ನು ಪಾಲಕನನ್ನಾಗಿ ಮಾಡಬಹುದಿತ್ತು. ಇನ್ನು ಮೇಲೆ ತಾಯಿ ಬದುಕಿರುವ ವರೆಗೆ ಅಂಥ ನೇಮಕಕ್ಕೆ ಬೆಲೆಯಿಲ್ಲವೆಂದಾಯಿತು. ಮಗುವಿನ ಸ್ಥಿರ ಆಸ್ತಿಯನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ತಂದೆಯೂ ಮಾರಕೂಡದು, ಒತ್ತೆಯಿಡಕೂಡದು. ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಲಾವಣಿಗೂ ಕೊಡಕೂಡದು. ಕಾಯದೆಯ ಆಧಾರವಿಲ್ಲದೆ ಪಾಲಕನಾಗಿ ಕುಳಿತ ಕಾಕನಾಗಲಿ ಸೋದರಮಾವನಾಗಲಿ ಮಗುವಿನ ಆಸ್ತಿಯನ್ನು ಮುಟ್ಟುವಂತಿಲ್ಲ. ಹದಿಮೂರನೆಯ ಕಲಮು ಮಗುವಿನ ಹಿತವೇ ಪರಮವೆಂದು ಸಾರಿತು. ಇವು ಸಣ್ಣ ಲಾಭಗಳಲ್ಲ.

ಆದರೆ ಆರನೆಯ ಕಲಮಿನಲ್ಲಿ ಸಹಜ ಪಾಲಕರ ಕ್ರಮವನ್ನು ಹೇಳುವಾಗ ‘ತಂದೆ, ಮತ್ತು ಅವನ ತರುವಾಯ ತಾಯಿ’ ಎಂದು ಬರೆಯಲಾಯಿತು. ಐದು ವರ್ಷ ತುಂಬದ ಮಗುವಿನ ವಶ ಮಾತ್ರ ಸಾಮಾನ್ಯವಾಗಿ ತಾಯಿಯಲ್ಲಿರಬೇಕು. ಹಾಲೂಡಿಸುವ, ಎತ್ತಿ ಆಡಿಸುವ, ಜ್ವರದಲ್ಲಿ ನಿದ್ದೆಗೆಡುವ ವರ್ಷಗಳು ತಾಯಿಗೆ. ಸಹಿ ಮಾಡುವ ಅಧಿಕಾರ ತಂದೆಗೆ. ಮದುವೆಯಾದ ಅಪ್ರಾಪ್ತ ಹುಡುಗಿಗೆ ಗಂಡನೇ ಪಾಲಕನೆಂದೂ ಅಲ್ಲಿಯೇ ಇದೆ. ಬಾಲ್ಯವಿವಾಹವನ್ನು ತಡೆಯುವ ೨೦೦೬ರ ಕಾಯದೆ ಬಂದ ಮೇಲೂ ಆ ವಾಕ್ಯವು ಪುಸ್ತಕದಿಂದ ಅಳಿದುಹೋಗಿಲ್ಲ.

ಸಂಸತ್ತು ಮಾಡದ ಕೆಲಸವನ್ನು ನ್ಯಾಯಾಲಯಗಳು ಮೆಲ್ಲಮೆಲ್ಲನೆ ಮಾಡತೊಡಗಿದವು. ೧೯೭೦ರಲ್ಲಿ ಮಹಾರಾಷ್ಟ್ರದ ಜಿಜಾಬಾಯಿ ಗಜರೆಯವರ ಖಟ್ಲೆ ಸುಪ್ರೀಮ್ ಕೋರ್ಟಿಗೆ ಬಂದಿತು. ಅದು ಹೊಲದ ವಿಷಯ. ತಂದೆ ಬದುಕಿದ್ದರೂ ಬಹುಕಾಲದಿಂದ ಬೇರೆಯಾಗಿದ್ದು ಮಗಳ ಗೊಡವೆಗೇ ಬಂದಿರಲಿಲ್ಲ. ತಾಯಿಯೇ ಮಗಳನ್ನೂ ಅವಳ ಭೂಮಿಯನ್ನೂ ನೋಡಿಕೊಂಡಿದ್ದಳು. ಇಂಥಲ್ಲಿ ತಾಯಿಯನ್ನೇ ಸಹಜ ಪಾಲಕಳೆಂದು ತಿಳಿಯಬೇಕೆಂದು ಕೋರ್ಟು ಹೇಳಿತು. ೧೯೭೩ರಲ್ಲಿ ರೋಝಿ ಜೇಕಬರ ಖಟ್ಲೆಯಲ್ಲಿ, ಮಕ್ಕಳು ತಂದೆತಾಯಿಗಳ ಸ್ವತ್ತೂ ಅಲ್ಲ, ಆಟಿಗೆಯೂ ಅಲ್ಲವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ಲೇಖಕಿ ಗೀತಾ ಹರಿಹರನ್ನರು ೧೯೮೪ರಲ್ಲಿ ಮಗನ ಹೆಸರಿನಲ್ಲಿ ರಿಝರ್ವ ಬ್ಯಾಂಕಿನ ಬಾಂಡುಗಳನ್ನು ಕೊಳ್ಳಹೋದಾಗ ತಂದೆಯ ಸಹಿ ಬೇಕೆಂಬ ಉತ್ತರ ಬಂದಿತು. ಆ ಉತ್ತರವನ್ನು ಅವರು ಸುಪ್ರೀಮ್ ಕೋರ್ಟಿನ ವರೆಗೆ ಒಯ್ದರು. ೧೯೯೯ರ ಫೆಬ್ರುವರಿ ೧೭ರಂದು ಬಂದ ತೀರ್ಪು, ‘ಅವನ ತರುವಾಯ’ ಎಂದರೆ ಅವನು ಸತ್ತ ಮೇಲೆ ಎಂದಷ್ಟೇ ಅಲ್ಲ, ಅವನ ಅಭಾವದಲ್ಲಿ ಎಂದು ಅರ್ಥೈಸಿತು. ತಂದೆಯು ಮಗುವಿನ ವಿಷಯದಲ್ಲಿ ಪೂರ್ಣ ಉದಾಸೀನನಾಗಿದ್ದರೆ, ಅಥವಾ ಪರಸ್ಪರ ಒಪ್ಪಿಗೆಯಿಂದ ತಾಯಿಯೇ ಹೊಣೆ ಹೊತ್ತಿದ್ದರೆ, ಅಥವಾ ದೂರದಲ್ಲಿರುವದರಿಂದಲೋ ಅಸ್ವಸ್ಥತೆಯಿಂದಲೋ ತಂದೆಗೆ ನೋಡಿಕೊಳ್ಳಲಾಗದಿದ್ದರೆ ತಾಯಿ ಪಾಲಕಳು. ವ್ಯಾಕರಣವನ್ನು ಕಲಿಸುವ ನಮಗೆ ಇದು ಚಿರಕಾಲ ನೆನಪಿನಲ್ಲಿಡತಕ್ಕ ಉದಾಹರಣೆ. ಒಂದು ಅವ್ಯಯದ ಅರ್ಥದ ಮೇಲೆ ಕೋಟ್ಯವಧಿ ತಾಯಂದಿರ ಸ್ಥಾನವು ನಿಂತಿದ್ದಿತು. ಆದರೂ ತಾಯಿ ತಂದೆಯರು ಸರಿಸಮಾನರೆಂದು ಈ ತೀರ್ಪು ಸಾರಲಿಲ್ಲ. ಮೊದಲ ಸ್ಥಾನ ತಂದೆಯದಾಗಿಯೇ ಉಳಿಯಿತು.

ಮುಸಲ್ಮಾನ ಬಾಂಧವರಲ್ಲಿ ‘ಹಿಝಾನತ್’ ಎಂಬ ಪದ್ಧತಿಯಿದೆ. ಹನಫಿ ಪಂಥದ ಪ್ರಕಾರ ಗಂಡುಮಗುವು ಏಳು ವರ್ಷದ ವರೆಗೂ, ಹೆಣ್ಣುಮಗುವು ಋತುಮತಿಯಾಗುವ ವರೆಗೂ ತಾಯಿಯ ಬಳಿಯಲ್ಲಿರಬೇಕು. ಇದು ಹಿಂದೂ ಕಾಯದೆಯ ಐದು ವರ್ಷಕ್ಕಿಂತ ಉದಾರವಾದುದು. ಆದರೆ ಆಸ್ತಿಯ ಪಾಲಕತ್ವ ಅಲ್ಲಿಯೂ ತಂದೆಯದು. ೧೯೧೮ರ ಇಮಾಂಬಂದಿ ಖಟ್ಲೆಯಲ್ಲಿ, ಮಗುವಿನ ಆಸ್ತಿಯನ್ನು ಪರಾಧೀನ ಮಾಡುವ ಹಕ್ಕು ತಾಯಿಗಿಲ್ಲವೆಂದು ಪ್ರಿವ್ಹಿ ಕೌನ್ಸಿಲು ನಿರ್ಣಯಿಸಿತು. ಧರ್ಮ ಯಾವದಾದರೂ, ತಾಯಿಯ ಕೈಗೆ ತೊಟ್ಟಿಲ ಹಗ್ಗ, ತಂದೆಯ ಕೈಗೆ ಬೀಗದ ಕೈ ಎಂಬ ಹಂಚಿಕೆ ಮಾತ್ರ ಒಂದೇ.

ಗಡಿನಾಡಿನ ಶಾಲೆಗಳು ಮರೆಯಬಾರದ ಇನ್ನೊಂದು ವರ್ಗದ ಮಕ್ಕಳಿದ್ದಾರೆ. ದೇವದಾಸಿ ಪದ್ಧತಿಯನ್ನು ಮುಂಬಯಿ ಪ್ರಾಂತವು ೧೯೩೪ರಲ್ಲಿ, ಕರ್ನಾಟಕವು ೧೯೮೨ರಲ್ಲಿ, ಮಹಾರಾಷ್ಟ್ರವು ೨೦೦೫ರಲ್ಲಿ ಕಾಯದೆಗಳಿಂದ ನಿಷೇಧಿಸಿದವು. ಆ ಪದ್ಧತಿಗೆ ಬಲಿಯಾದವರ ಮಕ್ಕಳಿಗೆ ಶಾಲೆಯ ಬಾಗಿಲಲ್ಲಿ ಎದುರಾಗುವ ಮೊದಲ ಪ್ರಶ್ನೆಯೇ ‘ನಿನ್ನ ತಂದೆಯ ಹೆಸರೇನು?’ ಎಂಬದು. ವಿವಾಹಬಾಹಿರವಾಗಿ ಹುಟ್ಟಿದ ಮಗುವಿಗೆ ತಾಯಿಯೇ ಮೊದಲ ಪಾಲಕಳೆಂದು ೧೯೫೬ರ ಕಾಯದೆಯೇ ಹೇಳಿದ್ದಿತು. ೨೦೧೫ರ ಜುಲೈಯಲ್ಲಿ ಸುಪ್ರೀಮ್ ಕೋರ್ಟು, ಅವಿವಾಹಿತ ತಾಯಿಯು ತಂದೆಯ ಹೆಸರನ್ನು ಹೇಳದೆಯೇ ಪಾಲಕತ್ವವನ್ನು ಪಡೆಯಬಹುದೆಂದು ಸ್ಪಷ್ಟಪಡಿಸಿತು. ಹೀಗಿರುತ್ತ ಆ ಪ್ರಶ್ನೆಯಿಂದ ಒಂದು ಮಗುವನ್ನು ಇಡೀ ವರ್ಗದೆದುರಿಗೆ ತಲೆತಗ್ಗಿಸುವಂತೆ ಮಾಡುವದಕ್ಕೆ ಯಾವ ಶಿಕ್ಷಕರಿಗೂ ಅಧಿಕಾರವಿಲ್ಲ.

ಈಗ ಸುಧಾರಣೆಯ ಚರ್ಚೆಗೆ ಬರೋಣ. ೧೯೮೯ರಲ್ಲಿ ಕಾಯದೆ ಆಯೋಗವು ತನ್ನ ೧೩೩ನೆಯ ವರದಿಯಲ್ಲಿ, ತಂದೆತಾಯಿಗಳಿಬ್ಬರನ್ನೂ ಸಮಾನ ಪಾಲಕರೆಂದು ಮಾಡಬೇಕೆಂದೂ, ತಾಯಿಯ ವಶದಲ್ಲಿರುವ ವಯಸ್ಸನ್ನು ಐದರಿಂದ ಹನ್ನೆರಡಕ್ಕೆ ಏರಿಸಬೇಕೆಂದೂ ಸೂಚಿಸಿತು. ೨೦೧೫ರ ಮೇ ತಿಂಗಳಲ್ಲಿ ೨೫೭ನೆಯ ವರದಿ ಬಂದಿತು. ಆಗ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಅಜಿತ ಪ್ರಕಾಶ ಶಹಾ ಅವರು ನಮ್ಮ ನೆರೆಯ ಸೊಲ್ಲಾಪುರದವರು, ಅಲ್ಲಿಯ ಜಿಲ್ಲಾ
ನ್ಯಾಯಾಲಯದಲ್ಲಿಯೇ ವಕೀಲಿಯನ್ನು ಆರಂಭಿಸಿದವರು. ಈ ವರದಿಯೂ ಸಮಾನ ಪಾಲಕತ್ವವನ್ನು ಎತ್ತಿಹಿಡಿಯಿತು. ಅದರೊಡನೆ, ಬೇರೆಯಾದ ದಂಪತಿಗಳಿಗೆ ‘ಜಂಟಿ ವಶ’ವನ್ನು ಕೊಡುವ ಅಧಿಕಾರ ನ್ಯಾಯಾಲಯಗಳಿಗೆ ಇರಬೇಕೆಂದೂ, ಅಜ್ಜ ಅಜ್ಜಿಯರ ಭೆಟ್ಟಿಗೂ ಅವಕಾಶವಿರಬೇಕೆಂದೂ ಹೇಳಿತು. ೨೦೨೨ರ ಆಗಸ್ಟದಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯು ಆರನೆಯ ಕಲಮಿನ ತಿದ್ದುಪಡಿಯನ್ನು ಮತ್ತೊಮ್ಮೆ ಶಿಫಾರಸು ಮಾಡಿತು.

ಜಂಟಿ ವಶಕ್ಕೆ ಕರ್ನಾಟಕವೇ ಒಂದು ನಿದರ್ಶನವನ್ನು ಒದಗಿಸಿದೆ. ೨೦೧೩ರಲ್ಲಿ ಕರ್ನಾಟಕದ ಹಾಯ್‌ಕೋರ್ಟು ಒಂದು ಖಟ್ಲೆಯಲ್ಲಿ ಮಗನು ಜನೇವರಿಯಿಂದ ಜೂನದ ವರೆಗೆ ತಂದೆಯಲ್ಲಿಯೂ, ಜುಲೈಯಿಂದ ದಶಂಬರದ ವರೆಗೆ ತಾಯಿಯಲ್ಲಿಯೂ ಇರಬೇಕೆಂದು ವಿಧಿಸಿತು. ಖರ್ಚನ್ನು ಇಬ್ಬರೂ ಸಮವಾಗಿ ಹೊರಬೇಕು. ಇದನ್ನು ಮೆಚ್ಚುವವರು, ಮಗುವಿಗೆ ಇಬ್ಬರ ಪ್ರೀತಿಯೂ ಬೇಕು, ಒಡೆದ ಮನೆಯ ಶಿಕ್ಷೆ ಮಗುವಿಗೇಕೆ ಎನ್ನುತ್ತಾರೆ. ಅದು ಸತ್ಯ. ಶಂಕಿಸುವವರು, ಹೊಡೆತ ಬಡಿತಗಳಿಗೆ ಹೆದರಿ ಮನೆಬಿಟ್ಟು ಬಂದ ಹೆಂಗಸನ್ನು ಜಂಟಿ ವಶವು ಮತ್ತೆ ಅದೇ ಗಂಡನ ಕೈಗೆ ಸಿಕ್ಕಿಸೀತು, ಕಾಗದದ ಮೇಲಿನ ಸಮಾನತೆಯು ಬಡ ತಾಯಿಯ ಹೊರೆಯನ್ನು ಹೆಚ್ಚಿಸೀತು ಎನ್ನುತ್ತಾರೆ. ಅದೂ ಸತ್ಯವೇ. ಶಿಕ್ಷಕರಾದ ನಾವು ಇನ್ನೊಂದು ಮಾತನ್ನು ಸೇರಿಸಬಯಸುತ್ತೇವೆ. ಎರಡೂ ಮನೆಗಳಿಂದ ಮಗು ಒಂದೇ ಶಾಲೆಗೆ ನಡೆದುಹೋಗುವಂತಿದ್ದರೆ ವರ್ಷದ ಅರ್ಧರ್ಧ ಹಂಚಿಕೆ ನಡೆದೀತು. ತಾಯಿಯ ತವರು ಇಂಡಿಯಲ್ಲಿ, ತಂದೆಯ ಮನೆ ಜತ್ತದಲ್ಲಿ ಇದ್ದರೆ, ಆರು ತಿಂಗಳು ಕರ್ನಾಟಕದ ಪಠ್ಯ, ಆರು ತಿಂಗಳು ಮಹಾರಾಷ್ಟ್ರದ ಪಠ್ಯ ಓದುವ ಮಗುವಿನ ಗತಿಯೇನು? ಹಿತವೆಂಬದು ಮಗು ಯಾರ ಬಳಿಯಲ್ಲಿದೆ ಎಂಬದರಲ್ಲಿ ಮಾತ್ರವಲ್ಲ, ಅದರ ಗೆಳೆಯರು, ಶಾಲೆ, ನುಡಿ ಇವುಗಳಲ್ಲಿಯೂ ಇದೆ. ಆದ್ದರಿಂದ ಸಮಾನ ಪಾಲಕತ್ವವನ್ನು ಕಾಯದೆಯಲ್ಲಿ ಸ್ಪಷ್ಟವಾಗಿ ಬರೆಯಬೇಕೆಂಬದು ನಮ್ಮ ಅಭಿಪ್ರಾಯ. ಆದರೆ ವಶದ ವಿಷಯದಲ್ಲಿ ಒಂದೇ ಅಚ್ಚಿನ ನಿಯಮವನ್ನು ಮಾಡದೆ ಪ್ರತಿಯೊಂದು ಮಗುವಿನ ಪರಿಸ್ಥಿತಿಯನ್ನು ನೋಡಿ, ಅದರ ಮಾತನ್ನು ಕೇಳಿ, ನಿರ್ಣಯಿಸುವದೇ ಯೋಗ್ಯ.

ಕಾಯದೆ ತಿದ್ದುಪಡಿಯಾಗುವದು ಸಂಸತ್ತಿನ ಕೈಯಲ್ಲಿದೆ. ಅಲ್ಲಿಯ ವರೆಗೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಇದೆ. ಜತ್ತ ತಾಲೂಕು ಮಳೆಗಾಗಿ ಮುಗಿಲು ನೋಡುವ ಸೀಮೆ. ದೀಪಾವಳಿಯ ಹೊತ್ತಿಗೆ ಎಷ್ಟೋ ಕುಟುಂಬಗಳು ಟೋಳಿ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತವೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ೧೯೫೬ರ ಕಾಯದೆಯಂತೆ ಆ ಅಜ್ಜಿಯು ಮಗುವಿನ ಹೊಲವನ್ನು ಮಾರಲಾರಳು; ಅದು ಒಳ್ಳೆಯದೇ. ಆದರೆ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ೨೦೦೯ರ ಕಾಯದೆಯು ಪಾಲಕನೆಂಬ ಶಬ್ದಕ್ಕೆ, ಮಗುವಿನ ಆರೈಕೆ ಮತ್ತು ವಶ ಯಾರಲ್ಲಿದೆಯೋ ಅವರು ಎಂದು ಅರ್ಥ ಹೇಳಿದೆ. ಸಹಜ ಪಾಲಕರೂ ನ್ಯಾಯಾಲಯವು ನೇಮಿಸಿದ ಪಾಲಕರೂ ಅದರಲ್ಲಿ ಸೇರುತ್ತಾರೆ. ಆದ್ದರಿಂದ ಶಾಲೆಯ ಕೆಲಸದ ಮಟ್ಟಿಗೆ, ಮಗುವನ್ನು ಸಾಕುತ್ತಿರುವ ಅಜ್ಜಿಯು ಪಾಲಕಳೇ. ಅವಳ ಹೆಬ್ಬೆಟ್ಟಿನ ಗುರುತಿಗೂ ಬೆಲೆಯಿದೆ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆತಾಯಿಗಳು ಅಥವಾ ಪಾಲಕರು, ಅರ್ಧಭಾಗ ಹೆಂಗಸರು ಇರಬೇಕೆಂದು ಅದೇ ಕಾಯದೆ ಹೇಳುವದರಿಂದ ಅವಳು ಸದಸ್ಯಳೂ ಆಗಬಲ್ಲಳು. ಮಗು ಶಾಲೆಯನ್ನು ಬದಲಿಸುವಾಗ ಮುಖ್ಯಾಧ್ಯಾಪಕರು ತಡಮಾಡದೆ ದಾಖಲೆಯನ್ನು ಕೊಡಬೇಕು. ದಾಖಲೆ ತಡವಾಯಿತೆಂದು ಹೊಸ ಶಾಲೆಯು ಮಗುವನ್ನು ಸೇರಿಸಿಕೊಳ್ಳದಿರಕೂಡದು. ಜನ್ಮದಾಖಲೆ ಇಲ್ಲವೆಂಬ ಕಾರಣವೂ ಸಲ್ಲದು.

ಮಹಾರಾಷ್ಟ್ರ ಸರಕಾರವು ೨೦೨೪ರ ಮಾರ್ಚದಲ್ಲಿ ಮಾಡಿದ ನಿರ್ಣಯದಂತೆ, ೨೦೧೪ರ ಮೇ ೧ ಅಥವಾ ಅದರ ನಂತರ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ಬೆನ್ನಲ್ಲಿಯೇ ತಾಯಿಯ ಹೆಸರು, ಬಳಿಕ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರಬೇಕು. ಹೆಸರು ಸೇರಿದ ಮಾತ್ರಕ್ಕೆ ಪಾಲಕತ್ವದ ಕಾಯದೆ ಬದಲಾಗುವದಿಲ್ಲ, ನಿಜ. ಆದರೆ ‘ತರುವಾಯ’ ಇದ್ದವಳು ಬರವಣಿಗೆಯಲ್ಲಾದರೂ ಮುಂದೆ ಬಂದಳು.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಈ ಇತಿಹಾಸದಲ್ಲಿ ರಾಜರಿದ್ದಾರೆ, ಮಹಾರಾಣಿಯರಿದ್ದಾರೆ, ಮಂತ್ರಿಗಳಿದ್ದಾರೆ, ನ್ಯಾಯಾಧೀಶರಿದ್ದಾರೆ. ಆದರೆ ಇದು ನಿಜವಾಗಿ ನಿಮ್ಮ ಇತಿಹಾಸ. ವಿಜ್ಞಾನೇಶ್ವರನ ಕಾಲದಲ್ಲಿ ಮಗುವಿನ ಆಸ್ತಿ ಮುಖ್ಯವಾಗಿತ್ತು. ೧೮೯೦ರಲ್ಲಿ ತಂದೆಯ ಹಕ್ಕು ಮುಖ್ಯವಾಯಿತು. ೧೯೫೬ರಿಂದ ಈಚೆಗೆ ಮಗುವಿನ ಹಿತವೇ ಮುಖ್ಯವೆಂದು ಬಾಯಲ್ಲಿ ಹೇಳುತ್ತ ಬಂದಿದ್ದೇವೆ. ವಿಶ್ವಸಂಸ್ಥೆಯು ೧೯೮೯ರಲ್ಲಿ ಅಂಗೀಕರಿಸಿದ, ಭಾರತವು ೧೯೯೨ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯು, ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ತನ್ನ ಅಭಿಪ್ರಾಯವನ್ನು ಹೇಳುವ ಹಕ್ಕು ಮಗುವಿಗಿದೆಯೆಂದು ಸಾರುತ್ತದೆ. ಬಾಯಲ್ಲಿ ಹೇಳಿದ್ದನ್ನು ನಡೆಯಲ್ಲಿ ತರುವದೇ ಇನ್ನುಳಿದ ಕೆಲಸ. ಮನೆ ಒಡೆದು ಎರಡಾದಾಗ, ಯಾರ ಕಡೆಗೂ ವಾಲದೆ, ನೀನು ಏನು ಬಯಸುವೆ ಎಂದು ಮಗುವನ್ನು ಒಬ್ಬಂಟಿಯಾಗಿ ಕುಳ್ಳಿರಿಸಿಕೊಂಡು ಶಾಂತವಾಗಿ ಕೇಳಬಲ್ಲವರು ಊರಿನಲ್ಲಿ ಎಷ್ಟು ಜನರಿದ್ದಾರೆ? ನ್ಯಾಯಾಧೀಶರ ಕೆಲಸ ಶಿಕ್ಷಕರದಲ್ಲ. ಆದರೆ ಕೇಳಿಕೊಳ್ಳುವ ಕೆಲಸ ನಮ್ಮದು. ಆ ಕೆಲಸಕ್ಕೆ ಯಾವ ತಿದ್ದುಪಡಿಯ ಹಾದಿಯನ್ನೂ ಕಾಯಬೇಕಾಗಿಲ್ಲ.